ಮುಳ್ಳು ಹೇಳಿದ್ದು ನೂರು

ದಂಡದ ಮೆಸೇಜು ಬಂದಾಗಿನಿಂದ ಮನೆಯಲ್ಲಿ ನನ್ನನ್ನು 'ನೂರೆಂಟು' ಎಂದೇ ಕರೆಯುತ್ತಿದ್ದಾರೆ. ಅಷ್ಟೋತ್ತರವೋ, ಆಂಬುಲೆನ್ಸೋ ನನಗೂ ಗೊತ್ತಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿ, ಮಿತಿ 100, ಕ್ಯಾಮೆರಾ ಲೆಕ್ಕ 108, ದಂಡ ಸಾವಿರ. ತಕರಾರು ಅರ್ಜಿ ಬರೆಯುವ ಮುಂಚೆ ಮುಖ್ಯ ಸಾಕ್ಷಿಯನ್ನು ವಿಚಾರಿಸಿಬಿಡೋಣವೆಂದು ನನ್ನ ಇಪ್ಪತ್ತೆರಡು ವರ್ಷದ ಕಾರಿನಲ್ಲಿ ಕೂತು, ಸ್ಪೀಡೋಮೀಟರಿನ ಗಾಜನ್ನು ಪಂಚೆ ತುದಿಯಿಂದ ಒರೆಸಿದೆ. ಮಂಡ್ಯದಲ್ಲಿ ಕೊಂಡ ಕಾರು. ಮುಳ್ಳಿನ ಮಾತೂ ಆ ಕಡೆಯದೇ.

ನಾನು: ಆವತ್ತು ಎಷ್ಟು ತೋರಿಸಿದ್ದೆ?

ಮುಳ್ಳು: ನೂರು. ಒಂದ್ ಕೂದ್ಲೆಳೆ ಆಚೆ ಹೋಗಿಲ್ಲ. ಧರ್ಮಸ್ಥಳಕ್ಕೆ ಬಂದು ಆಣೆ ಮಾಡ್ಲಾ?

ನಾನು: ಕ್ಯಾಮೆರಾ 108 ಅನ್ನುತ್ತೆ.

ಮುಳ್ಳು: ಅದ್ರ ಮಾತು ಬುಡಿ. ಟೈರ್ ಹಾಕ್ಸಿದ್ದು ಯಾರು, ಅದ್ ಹೇಳಿ.

ನಾನು: ಟೈರಿಗೂ ನಿನಗೂ ಏನು ಸಂಬಂಧ?

ಮುಳ್ಳು: ಇಷ್ಟ್ ವರ್ಸ ಮುಖ ನೋಡ್ಕಂಡು ಇದಾ ಕೇಳೋದು? ನನಗೇನ್ ರೋಡ್ ಕಾಣ್ತದಾ? ಗೇರ್‌ಬಾಕ್ಸಿಂದ ಒಂದ್ ಕೇಬಲ್ ಬತ್ತದೆ, ಅದು ಅಯಸ್ಕಾಂತ ತಿರುಗಿಸ್ತದೆ. ಅದ್ರ ಸೆಳೆತಕ್ಕೆ ಅಲ್ಯೂಮಿನಿಯಂ ಬಟ್ಲು ಜೊತೆಗೇ ತಿರುಗಕ್ ಹೋಯ್ತದೆ, ಕೂದಲಂಥ ಸ್ಪ್ರಿಂಗು 'ಬ್ಯಾಡ ಬಾ' ಅಂತ ಹಿಂದಕ್ ಎಳೀತದೆ. ಈ ಜಗ್ಗಾಟದಲ್ಲಿ ನಾನ್ ಎಲ್ ನಿಂತ್ನೋ ಅದೇ ಸ್ಪೀಡು. ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ತಗಂಡಾಗಿಂದ ನಮ್ ಕುಲಕಸುಬು ಇದು. ಚಕ್ರದ ಸುತ್ತು ನೋಡಿ ಹೇಳದು, ಅಷ್ಟೇಯ. ಮೊದ್ಲಿದ್ದದ್ದು 145/70ರ ಹನ್ನೆರಡಿಂಚಿನ ಟೈರು. ನೀವು 145/80 ಹಾಕ್ಸಿದ್ರಿ. ಈಗ ಒಂದ್ ಸುತ್ತಿಗೆ ಒಂಬತ್ ಸೆಂಟಿಮೀಟರ್ ಜಾಸ್ತಿ ಓಡ್ತದೆ. ನನ್ ಕಿವಿಗ್ ಯಾರಾದ್ರೂ ಹಾಕಿದ್ರಾ?

ನಾನು: ಹಂಪ್‌ಗೆ ತಳ ಉಜ್ಜುತ್ತಿತ್ತು ಮಾರಾಯ. ಅದಿರಲಿ, ಈ ಹೆದ್ದಾರಿ ಮದ್ದೂರನ್ನು ಬಳಸಿಕೊಂಡು ಹೋಗುತ್ತಲ್ಲ...

ಮುಳ್ಳು: ಆ ಅಂಗಡಿ ಹುಡ್ಗ 'ಏನೂ ಆಗಲ್ಲ ಸಾರ್' ಅಂದ. ನೀವು ತಲೆ ಆಡಿಸಿದ್ರಿ.

ನಾನು: ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ. ಮೂರನ್ನೂ ಪಕ್ಕಕ್ಕೆ ತಳ್ಳಿ ಹೋಗುವುದಕ್ಕೆ ದಾರಿ ಅಂತಾರಾ? ಊರೊಳಗೆ ಹೊಕ್ಕು, ಅಂಚು ಗರಿಗರಿ ಇರುವ, ಈರುಳ್ಳಿ ಕಂದಿದ ಒಂದು ವಡೆ ಮುರಿದಿದ್ದರೆ ನೂರೆಂಟರ ಮಾತೇ ಬರುತ್ತಿರಲಿಲ್ಲ.

ಮುಳ್ಳು: ಟೈರಿನ ಲೆಕ್ಕದಲ್ಲಿ ಆರು. ಇನ್ನೆರಡು ವಯಸ್ಸಿಂದು, ಅಯಸ್ಕಾಂತದ ಕಸುವು ಇಳಿದದೆ, ಒಪ್ಕೋತೀನಿ. ಈಗಿನ ಹೊಸ ಮೀಟ್ರುಗಳೇ ಜಾಣ್ರು. ವಿಶ್ವಸಂಸ್ಥೆಯ 39ನೇ ನಿಯಮಾವಳಿ ಅಂತ ಐತೆ. ನಿಜಕ್ಕಿಂತ ಕಮ್ಮಿ ತೋರ್ಸಂಗಿಲ್ಲ, ಜಾಸ್ತಿ ತೋರ್ಸಬೋದು. ಗಾಡಿ 100ರಲ್ಲಿದ್ರೆ 114ರ ತನಕ! ಸುಳ್ಳಿಗೇ ಲೈಸೆನ್ಸು. ಅವ್ರ ಯಜಮಾನ್ರು ದಂಡ ಕಟ್ಟಲ್ಲ. ನಾನು ನೂರು ಅಂತ ನಂಬ್ಕಂಡು ನೂರು ಅಂದೆ.

ನಾನು: ಇದನ್ನೇ ನ್ಯಾಯಾಧೀಶರ ಮುಂದೆ ಹೇಳ್ತೀಯಾ?

ಮುಳ್ಳು: ಹೇಳಿದ್ರೆ ನಿಮ್ಗೇ ಕುತ್ತು. ಟೈರ್ ಬದಲಾಯಿಸಿದ್ದು ನೀವು.

ಇಲ್ಲಿ ಸ್ವಲ್ಪ ತಮಾಷೆ ಬಿಡುತ್ತೇನೆ. ನಾನು 108ರಲ್ಲಿ ಹೋಗಿದ್ದರೆ ದಂಡ ಸರಿ, ಮುಳ್ಳಿನ ಮೇಲೆ ಹಾಕಿ ಜಾರಿಕೊಳ್ಳಲಾರೆ. ಆದರೆ ಸಂತೆಯಲ್ಲಿ ಬದನೆಕಾಯಿ ತೂಗುವ ಅಜ್ಜಿಯ ಕಬ್ಬಿಣದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಬೀಳಬೇಕು, ಬೀಳದಿದ್ದರೆ ಅವಳಿಗೆ ದಂಡ. ವಾಹನದ ವೇಗ ಅಳೆಯುವ ರೇಡಾರನ್ನೂ ಹಾಗೆ ಪರೀಕ್ಷಿಸಿ ಮುದ್ರೆ ಒತ್ತಬೇಕೆಂಬ ಕಾನೂನು ಮಾಪನದ ನಿಯಮ ಜಾರಿಗೆ ಬಂದದ್ದು 2025ರ ಜುಲೈ 1ರಂದು. ಅಜ್ಜಿಯನ್ನು ಅನುಮಾನಿಸಲು ನಮಗೆ ಅಷ್ಟು ಅವಸರ, ಕಂಬದ ಮೇಲಿನ ಯಂತ್ರವನ್ನು ಅನುಮಾನಿಸಲು ಇಷ್ಟು ಸಂಕೋಚ! ವಿದ್ಯುನ್ಮಾನ ಸಾಧನಕ್ಕೆ ವರ್ಷವರ್ಷವೂ ಪ್ರಮಾಣಪತ್ರ ನವೀಕರಿಸಬೇಕೆಂದು 2021ರ ಕೇಂದ್ರ ನಿಯಮವೇ ಹೇಳುತ್ತದೆ. ನನಗೆ ಬಂದ ನೋಟಿಸಿನಲ್ಲಿ ನಂಬರ್ ಪ್ಲೇಟಿದೆ, ಅರೆಬರೆ ನನ್ನ ಮೂಗೂ ಇದೆ. ಆ ಯಂತ್ರವನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷಿಸಿದರು ಎಂಬ ಒಂದು ಸಾಲಿಲ್ಲ. ಕೇಳಹೊರಟರೆ ಒಂದು ದಿನದ ಕೂಲಿ ಹೋಗುತ್ತದೆ. ಕೇಳದೆ ಸುಮ್ಮನಿದ್ದವರಿಗೆ 2023ರ ಫೆಬ್ರುವರಿಯಲ್ಲಿ ಆಷಾಢದ ಸೇಲ್‌ನಂತೆ ಅರ್ಧಕ್ಕರ್ಧ ರಿಯಾಯಿತಿ ಸಿಕ್ಕಿತು. ಹೊತ್ತಿಗೆ ಸರಿಯಾಗಿ ಪೂರ್ತಿ ಕಟ್ಟಿದವರು ಪೆದ್ದರಾದರು.

ಮುಳ್ಳು: ಆಯ್ತಾ? ಬಿಪಿ ಮೀಟ್ರು ನೋಡ್ಕಳಿ, ಅದ್ಕೂ ಮುಳ್ಳದೆ.

ನಾನು: ಸರಿ, ಸಾವಿರ ಕಟ್ಟಿಬಿಡ್ತೀನಿ. ಈಗ ಹೊರಟರೆ ಸರ್ವಿಸ್ ರಸ್ತೆ ಹಿಡಿದು ಮದ್ದೂರಿಗೆ ಎಷ್ಟು ಕಿಲೋಮೀಟರ್?

ಮುಳ್ಳು: ಅದು ನನ್ ತಮ್ಮನ ಖಾತೆ, ಕೆಳಗಿನ ಓಡೋಮೀಟ್ರು ಕೇಳಿ. ಅವ ಹೇಳಿದ್ದಕ್ಕೆ ನೂರಕ್ಕೆ ಆರು ಸೇರಿಸ್ಕಳಿ. ಅವನಿಗೂ ಅದೇ ಟೈರು.