ನೋಡಿ ಕೊಡಿ ಸ್ವಾಮಿ

ನಮ್ಮಲ್ಲಿ ಕೂಲಿ ಮಾಡುವುದಕ್ಕಿಂತ ಕೂಲಿ ಕೇಳುವುದು ಕಷ್ಟ. ಪುರೋಹಿತರಿಂದ ಪ್ಲಂಬರ್‌ವರೆಗೆ ಎಲ್ಲರೂ "ನೋಡಿ ಕೊಡಿ ಸ್ವಾಮಿ" ಅಂತ ಸೂರು ನೋಡುತ್ತಾರೆ. ಕೊಟ್ಟ ಮೇಲೆ ಮಾತ್ರ ಕೈಯಲ್ಲಿರುವುದನ್ನು ನೋಡಿ ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಈ ಕಾಯಿಲೆ ಅಂಟದ ಒಬ್ಬನೇ ಆಸಾಮಿ ನಮ್ಮ ಪಕ್ಕದ ಮನೆಯಲ್ಲಿದ್ದಾನೆ. ಆತ ಪಿಯಾನೊ ಟ್ಯೂನರ್. ಬೆಂಗಳೂರಿನಲ್ಲಿ ಹಾಗೊಂದು ಕಸುಬು ಉಂಟೇ ಅಂತ ಹುಬ್ಬೇರಿಸಬೇಡಿ. ಚರ್ಚು, ಕಾನ್ವೆಂಟು, ಕ್ಲಬ್ಬು, ದೊಡ್ಡ ಹೋಟೆಲಿನ ಲಾಬಿ, ಟ್ರಿನಿಟಿ ಸಂಗೀತ ಪರೀಕ್ಷೆಗೆ ಕೂರುವ ಮಕ್ಕಳಿರುವ ಫ್ಲಾಟುಗಳು, ಎಲ್ಲ ಸೇರಿ ಒಂದು ಸಂಸಾರದ ಅನ್ನಕ್ಕಾಗುವಷ್ಟು ಪಿಯಾನೊ ಊರಲ್ಲಿವೆ.

"ಮುಚ್ಚಳ ತೆಗೆಯೋ ಮುಂಚೆ ರೇಟು ಹೇಳಿಬಿಡಬೇಕು." ಕಾಂಪೌಂಡಿಗೆ ಮೊಣಕೈ ಊರಿದನೆಂದರೆ ಆತನ ಮೊದಲ ಮಾತೇ ಇದು. "ಫೋನ್ ಮಾಡಿದೋರು ಒಂದೇ ಒಂದು ಕೀ ಅಪಸ್ವರ ಅಂತಾರೆ. ಹೋಗಿ ನೋಡಿದ್ರೆ ಸರಿ ಇರೋದೇ ಆ ಒಂದು! ಮೊನ್ನೆ ಒಬ್ರು ಕೇಳಿದ್ರು, ನಮ್ಮ ಪಾಪು ಇನ್ನೂ ಬಿಳಿ ಕೀ ಮಾತ್ರ ನುಡಿಸೋದು, ಕಪ್ಪು ಬಿಟ್ಟು ಎಷ್ಟಾಗುತ್ತೆ ಅಂತ."

"ನೀನೇನಂದೆ?"

"ಬಿಳಿ 52, ಕಪ್ಪು 36. ಕಪ್ಪು ಫ್ರೀ, ಬಿಳಿದಕ್ಕೆ ಪೂರ್ತಿ ರೇಟು ಅಂದೆ. ಖುಷಿಯಾಗಿ ಒಪ್ಪಿಕೊಂಡ್ರು."

ಕೀ 88 ಇದ್ದರೂ ಒಳಗಿನ ತಂತಿ ಸುಮಾರು 230. ತಗ್ಗಿನ ಸ್ವರಕ್ಕೆ ಒಂದೋ ಎರಡೋ, ಮೇಲಿನವಕ್ಕೆ ಮೂರು ಮೂರು. ಎಲ್ಲದರ ಬಿಗಿತ ಕೂಡಿದರೆ ಹದಿನೆಂಟು ಇಪ್ಪತ್ತು ಟನ್. ಅದನ್ನು ತಾಳಿಕೊಳ್ಳಲೆಂದೇ ಒಳಗೆ ಎರಕದ ಕಬ್ಬಿಣದ ಚೌಕಟ್ಟು ಕೂತಿದೆ. ಒಂದೊಂದು ತಂತಿಯ ಮೊಳೆಯನ್ನೂ ಕೂದಲೆಳೆಯಷ್ಟು ತಿರುಗಿಸಿ, ಪಕ್ಕದ ತಂತಿಗೆ ಫೆಲ್ಟ್ ತುರುಕಿ ಬಾಯಿ ಮುಚ್ಚಿಸಿ, ಕಿವಿಗೊಟ್ಟು ಕೂತರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಷ್ಟು ಹೊತ್ತು ಮನೆಯವರಿಗೆ ಕೇಳಿಸುವುದು ಟಿಂಗ್ ಟಿಂಗ್ ಮಾತ್ರ. "ಇಷ್ಟಕ್ಕೆ ಅಷ್ಟಾ?" ಅನ್ನುವ ಪ್ರಶ್ನೆ ಹುಟ್ಟುವುದೇ ಆ ಟಿಂಗ್ ಟಿಂಗ್‌ನಿಂದ.

ಹತ್ತು ವರ್ಷ ಯಾರೂ ಮುಟ್ಟದ ಪಿಯಾನೊ ಆದರಂತೂ ಲೆಕ್ಕವೇ ಬೇರೆ. ಶ್ರುತಿ ಅರ್ಧ ಸ್ವರ ಇಳಿದಿರುತ್ತದೆ. ಸರಿಯಾದ ಶ್ರುತಿಗೆ, ಅಂದರೆ 440 ಹರ್ಟ್ಸ್‌ಗೆ, ಏರಿಸಹೊರಟರೆ ಈ ಕೊನೆ ಬಿಗಿಯುವಷ್ಟರಲ್ಲಿ ಆ ಕೊನೆ ಸಡಿಲ. ಆದ್ದರಿಂದ ಮೊದಲು ಒರಟಾಗಿ ಒಂದು ಸುತ್ತು, ಆಮೇಲೆ ನಯವಾಗಿ ಇನ್ನೊಂದು, ಕೆಲವು ವಾರ ಬಿಟ್ಟು ಮತ್ತೊಮ್ಮೆ ಭೇಟಿ. ತುಕ್ಕು ಹಿಡಿದ ತಂತಿ ಫಟ್ಟೆಂದರೆ ಖರ್ಚು ಯಾರದು ಅನ್ನುವುದನ್ನೂ ಆತ ಬಾಗಿಲಲ್ಲೇ ಇತ್ಯರ್ಥ ಮಾಡಿಕೊಳ್ಳುತ್ತಾನೆ. ತಂತಿ ಹರಿದ ಮೇಲೆ ಆ ಮಾತು ತೆಗೆದರೆ ಅದು ಜಗಳ.

"ಹೋದ ವರ್ಷ ತಾನೇ ಮಾಡಿಸಿದ್ದು" ಅನ್ನುವವರಿಗೆ ಆತ ಮಳೆಗಾಲದ ಕಡೆ ಬೆರಳು ತೋರಿಸುತ್ತಾನೆ. ತಂತಿಯ ಕೆಳಗಿನ ಮರದ ಹಲಗೆ ಥಂಡಿಗೆ ಉಬ್ಬಿ ಶ್ರುತಿ ಏರಿಸುತ್ತದೆ, ಮಾರ್ಚಿನ ಒಣಹವೆಗೆ ಕುಗ್ಗಿ ಇಳಿಸುತ್ತದೆ. ಜುಲೈನಲ್ಲಿ ಮಾಡಿದ ಶ್ರುತಿ ಮಾರ್ಚಿನಲ್ಲಿ ಹಾಗೇ ಇರಲಿ ಎಂದರೆ ಮರ ಕೇಳೀತೇ?

ಇನ್ನು ವಸೂಲಿ. ಮನೆಗಳಲ್ಲಿ "ಯಜಮಾನ್ರು ಬಂದ್ಮೇಲೆ ಫೋನ್‌ಪೇ ಮಾಡ್ತಾರೆ." ಆ ಯಜಮಾನರು ಎಲ್ಲಿಂದ ಬರುತ್ತಾರೋ, ಯಾವ ತಿಂಗಳು ಬರುತ್ತಾರೋ! ಅದಕ್ಕೇ ಆತ ಕೆಲಸ ಮುಗಿದ ಕೂಡಲೇ ಉಪಕರಣದ ಚೀಲದಿಂದ ಕ್ಯೂಆರ್ ಹಾಳೆ ತೆಗೆದು ಪಿಯಾನೊ ಮೇಲೆ, ನೋಟ್ಸ್ ಇಡುವ ಜಾಗದಲ್ಲೇ ಇಡುತ್ತಾನೆ. ಸಂಸ್ಥೆಗಳದ್ದು ಇನ್ನೊಂದು ರಾಗ. ಬಿಲ್ಲು, ಪ್ಯಾನ್, ರದ್ದು ಮಾಡಿದ ಚೆಕ್ಕು, ಕಮಿಟಿ ಮೀಟಿಂಗು. ದುಡ್ಡು ಬರುವ ಹೊತ್ತಿಗೆ ಪಿಯಾನೊ ಮತ್ತೆ ಶ್ರುತಿ ತಪ್ಪಿರುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದು, ಬೇಕರಿಗಳಲ್ಲಿ "ನಗದು ಮಾತ್ರ" ಬೋರ್ಡು ಎದ್ದಾಗ ನಾನೂ ಹೆದರಿಸಿ ನೋಡಿದೆ. "ಸೇವೆಗೆ ಜಿಎಸ್‌ಟಿ ಶುರುವಾಗೋದು ವರ್ಷಕ್ಕೆ 20 ಲಕ್ಷ ದಾಟಿದ್ಮೇಲೆ. ಆ ನೋಟಿಸು ನನಗೆ ಬಂದ ದಿನ ಫ್ರೇಮ್ ಹಾಕಿಸಿ ತಗುಲಿಹಾಕ್ತೀನಿ" ಅಂದ.

"ನಮ್ಮ ಜಯಚಾಮರಾಜ ಒಡೆಯರು ನೋಡು," ಅಂತ ನಾನು ಮೈಸೂರಿನ ಕಡೆ ಎಳೆದೆ. "ಸ್ವತಃ ಪಿಯಾನೊ ಬಲ್ಲವರು. ರಷ್ಯದ ಸಂಗೀತ ರಚನೆಕಾರ ಮೆಟ್ನರ್ ಲಂಡನ್ನಿನಲ್ಲಿ ಯಾರಿಗೂ ಬೇಡವಾಗಿ ಕೂತಿದ್ದಾಗ, 1940ರ ದಶಕದ ಕೊನೆಯಲ್ಲಿ, ಆತನ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ರೆಕಾರ್ಡು ಮಾಡಿಸಿದ್ರು. ಅಂಥ ಗಿರಾಕಿ ಸಿಕ್ಕಿದ್ರೆ ನೀನೂ ನೋಡಿ ಕೊಡಿ ಅಂತಿದ್ದೆ ತಾನೇ?"

"ಮಹಾರಾಜರಿಗೂ ಮುಂಚೇನೇ ರೇಟು ಹೇಳ್ತಿದ್ದೆ."

"ಬಡ ಸಂಗೀತದ ಮೇಷ್ಟ್ರು ಕರೆದರೆ?"

"ಕಡಿಮೆ ಮಾಡ್ತೀನಿ. ಆದ್ರೆ ಬಿಲ್ಲಲ್ಲಿ ಪೂರ್ತಿ ರೇಟು ಬರೆದು, ಅದರ ಕೆಳಗೆ ಬಿಟ್ಟದ್ದೆಷ್ಟು ಅಂತ ಬರೀತೀನಿ. ಇಲ್ದಿದ್ರೆ ಮೇಷ್ಟ್ರು ನನ್ನ ರೇಟೇ ಅಷ್ಟು ಅಂದ್ಕೊಂಡು ಇಡೀ ಬಡಾವಣೆಗೆ ಹೇಳಿಬಿಡ್ತಾರೆ."