ಕಾಶಿಯಾತ್ರೆ: ದಂಪತಿ ಬಳಕೆಯ ಕೈಪಿಡಿ

ಈ ಕೈಪಿಡಿಯನ್ನು ತೆರೆಯುವ ಮುನ್ನ ಅಟ್ಟದ ಮೇಲಿನ ಮದುವೆ ಆಲ್ಬಮ್ ಇಳಿಸಿ ಧೂಳು ಕೊಡವಿ. ಮೊದಲರ್ಧದಲ್ಲೇ ಎಲ್ಲೋ ಒಂದು ಫೋಟೋ ಸಿಗುತ್ತದೆ. ಕಚ್ಚೆಪಂಚೆ, ಕಣ್ಣಿಗೆ ಕಾಡಿಗೆ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಕೋಲು, ಕಾಲಲ್ಲಿ ಕಚ್ಚುವ ಹೊಸ ಚಪ್ಪಲಿ. ಯಶವಂತಪುರದ ಛತ್ರದ ಬಾಗಿಲಲ್ಲಿ ಹುಡುಗ ಕಾಶಿಗೆ ಹೊರಟು ನಿಂತಿದ್ದಾನೆ. ಎದುರಿಗೆ ಹೆಣ್ಣಿನ ಅಪ್ಪ, "ಸನ್ಯಾಸ ಯಾಕಪ್ಪ, ನಮ್ಮ ಹುಡುಗೀನ ಕೊಡ್ತೀವಿ, ಗೃಹಸ್ಥನಾಗು" ಎಂದು ಕೈಹಿಡಿದು ಒಳಗೆ ಕರೆಯುತ್ತಿದ್ದಾರೆ. ಹುಡುಗ ಹೆಚ್ಚು ಬಲವಂತ ಮಾಡಿಸಿಕೊಳ್ಳದೆ ತಿರುಗಿಬಿಡುತ್ತಾನೆ.

ನಮ್ಮ ಕಡೆಯ ಬಹಳಷ್ಟು ಗಂಡಸರ ಮೊದಲ ಕಾಶಿಯಾತ್ರೆ ಇಷ್ಟೇ, ಒಟ್ಟು ದೂರ ಇಪ್ಪತ್ತು ಅಡಿ. ಈ ಕೈಪಿಡಿ ಎರಡನೆಯ ಯಾತ್ರೆಗೆ ಸಂಬಂಧಿಸಿದ್ದು. ಅಂದು ತಡೆದವರ ಮಗಳನ್ನೇ ಜೊತೆಗೆ ಕರೆದುಕೊಂಡು ಹೋಗುವುದು ಇದರ ವಿಶೇಷ. ನನ್ನ ಮಟ್ಟಿಗೆ ಎರಡು ಯಾತ್ರೆಗಳ ನಡುವೆ ಮೂವತ್ತು ವರ್ಷ, ಇಬ್ಬರು ಮಕ್ಕಳು, ಯಲಹಂಕ ಉಪನಗರದ ಒಂದು ಮನೆ ಮತ್ತು ಅದರ ಸಾಲ ಕಳೆದಿದ್ದವು.

ಮೊದಲ ಸಲ ಬಳಸುವ ಮುನ್ನ

"ಒಂದು ವಾರ ಕಾಶಿಗೆ ಹೋಗಿಬರೋಣ" ಎಂಬ ಮಾತನ್ನು ಒಗ್ಗರಣೆ ಸಿಡಿಯುತ್ತಿರುವಾಗ ಹೇಳಬೇಡಿ. ನಿಧಾನವಾಗಿ, ಎರಡನೇ ಕಾಫಿಯ ಹೊತ್ತಿಗೆ ಹೇಳಿ. ಬರುವ ಉತ್ತರ ಒಂದೇ: "ನಾವಿಬ್ರೇನಾ?"

ಇದು ಪ್ರಶ್ನೆಯೋ ಗಾಬರಿಯೋ ಸಂತೋಷವೋ ನನಗೆ ಇವತ್ತಿಗೂ ತಿಳಿದಿಲ್ಲ. ಲೆಕ್ಕ ಹಾಕಿ ನೋಡಿದೆ. ಮೂವತ್ತು ವರ್ಷದಲ್ಲಿ ನಾವಿಬ್ಬರೇ ಒಂದು ಹಗಲು ಪೂರ್ತಿ ಎಲ್ಲಿಗೂ ಹೋದದ್ದಿಲ್ಲ. ಧರ್ಮಸ್ಥಳಕ್ಕೆ ಹೋದಾಗ ಅತ್ತೆ ಮಾವ ಇದ್ದರು, ತಿರುಪತಿಗೆ ಹೋದಾಗ ಎರಡು ವ್ಯಾನ್ ತುಂಬ ಜನ. ಹಾಗಾಗಿ ಪ್ರಶ್ನೆ ಕೇಳಿದ ಹತ್ತು ನಿಮಿಷದಲ್ಲೇ ನನ್ನವಳು ಆರ್.ಟಿ. ನಗರದ ತಂಗಿಗೆ ಫೋನ್ ಮಾಡಿ "ನೀನೂ ಬಾರೇ" ಅಂದದ್ದು ಸಹಜವೇ. ನಾದಿನಿಗೆ ಮೊಮ್ಮಗಳ ಪರೀಕ್ಷೆ ಇತ್ತು. ಆ ಮಗುವಿಗೆ ದೇವರು ಒಳ್ಳೆಯದು ಮಾಡಲಿ.

ಬದಲಿ ಬಿಡಿಭಾಗಗಳ ಬಗ್ಗೆ ಎಚ್ಚರಿಕೆ

ಖರ್ಚಿನ ಪಟ್ಟಿ ಕೈಗೆ ಬಂದ ದಿನ ಗಂಡಸರಿಗೆ ಒಂದು ಜ್ಞಾನೋದಯವಾಗುತ್ತದೆ. ಕಾಶಿ ಇರುವುದು ಉತ್ತರದಲ್ಲಿ ಮಾತ್ರವಲ್ಲ. ಶಿವಗಂಗೆ ದಕ್ಷಿಣ ಕಾಶಿ, ನಂಜನಗೂಡೂ ದಕ್ಷಿಣ ಕಾಶಿ. ಅದರಲ್ಲೂ ಶಿವಗಂಗೆಗೆ ಯಶವಂತಪುರ ದಾಟಿ ತುಮಕೂರು ರಸ್ತೆ ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್. ಅಲ್ಲಿ ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ಪವಾಡವೂ ಉಚಿತ. ಈ ಸಲಹೆಯನ್ನು ನಾನು ಕೊಟ್ಟು ನೋಡಿದೆ. ನೀವು ಕೊಡಬೇಡಿ.

ಸಮಯ ನಿಗದಿ

ಏಪ್ರಿಲ್‌ನಿಂದ ಜೂನ್ ಅಲ್ಲಿ ಕೆಂಡ. ಮಳೆಗಾಲದಲ್ಲಿ ಗಂಗೆ ಮೆಟ್ಟಿಲು ಹತ್ತಿ ಬರುತ್ತಾಳೆ, ಘಾಟ್‌ಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು. ರೈಲು, ವಿಮಾನ ಎರಡೂ ಯಾವಾಗ ಬರುತ್ತವೆಂದು ಕಾಲಭೈರವನೇ ಹೇಳಬೇಕು. ಕಾರ್ತೀಕ ಹುಣ್ಣಿಮೆಯ ದೇವ ದೀಪಾವಳಿಗೆ ಘಾಟ್‌ಗಳ ತುಂಬ ಹಣತೆ, ಕಾಲಿಡಲು ಮಾತ್ರ ಜಾಗವಿಲ್ಲ. ಉಳಿದದ್ದು ಅಕ್ಟೋಬರ್, ನವೆಂಬರ್‌ನ ಕೆಲವು ವಾರ ಮತ್ತು ಫೆಬ್ರವರಿ. ಫೆಬ್ರವರಿ ಅಂದರೆ ನಮ್ಮ ಯಲಹಂಕದವರಿಗೆ ಇನ್ನೊಂದು ತೊಡಕು. ಎರಡು ವರ್ಷಕ್ಕೊಮ್ಮೆ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುತ್ತದೆ. ಆಗ ಪ್ರಯಾಣಿಕರ ವಿಮಾನಗಳ ವೇಳೆ ಬದಲಾಗುತ್ತದೆ, ಬಳ್ಳಾರಿ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಆಕಾಶ ನೋಡುವವರ ಜಾತ್ರೆ. ನಾವು ನವೆಂಬರ್ ಆರಿಸಿಕೊಂಡೆವು.

ಚಾಲನೆ

1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿ ಎಂಬ ತೆಲುಗು ಗೃಹಸ್ಥರು ಪರಿವಾರ ಸಮೇತ ಹೋಗಿ ಬರಲು ಹದಿನೈದು ತಿಂಗಳು ತೆಗೆದುಕೊಂಡರು, ದಾರಿಯುದ್ದಕ್ಕೂ ದಿನಚರಿ ಬರೆದರು. ಆ ಕಾಲದಲ್ಲಿ ಕಾಶಿಗೆ ಹೊರಟವರನ್ನು ಮನೆಯವರು ತಿರುಗಿ ಬರುವ ಖಾತ್ರಿಯಿಲ್ಲದೆಯೇ ಬೀಳ್ಕೊಡುತ್ತಿದ್ದರು. ಈಗ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಎರಡೂವರೆ ಗಂಟೆ. 2008ರಲ್ಲಿ ಆ ನಿಲ್ದಾಣ ದೇವನಹಳ್ಳಿಗೆ ಬಂದಾಗಿನಿಂದ ನಾವು ಉತ್ತರ ಬೆಂಗಳೂರಿನವರು ಜಯನಗರದ ನೆಂಟರ ಮುಂದೆ ಸ್ವಲ್ಪ ಎದೆಯುಬ್ಬಿಸಿಯೇ ಓಡಾಡುತ್ತೇವೆ. ಅವರು ಹೆಬ್ಬಾಳದ ಮೇಲ್ಸೇತುವೆಯನ್ನು ನೆನೆದು ನಾಲ್ಕು ಗಂಟೆ ಮೊದಲೇ ಮನೆ ಬಿಡಬೇಕು. ನಾವು ಹಾಲಿನ ಪ್ಯಾಕೆಟ್ ನಿಲ್ಲಿಸಲು ಹೇಳಿ, ತುಳಸಿಗೆ ನೀರು ಹಾಕುವ ಕೆಲಸ ಪಕ್ಕದ ಮನೆಗೆ ಒಪ್ಪಿಸಿ, ಗ್ಯಾಸ್ ಆರಿಸಿದ್ದೇವೋ ಇಲ್ಲವೋ ಎಂದು ಗೇಟಿನಿಂದ ಎರಡು ಸಲ ತಿರುಗಿ ಹೋಗಿ ನೋಡಿ ಬಂದರೂ ಹೊತ್ತು ಉಳಿಯುತ್ತದೆ.

ಆದರೆ ನನ್ನವಳು ರೈಲು ಎಂದಳು. "ಕಾಶಿಗೆ ಹಾರಿಕೊಂಡು ಹೋಗ್ತಾರೇನ್ರೀ?" ಸಂಘಮಿತ್ರ ಎಕ್ಸ್‌ಪ್ರೆಸ್ ಹೊರಡುವುದು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಯಲಹಂಕದಿಂದ ಅಲ್ಲಿಗೆ ತಲುಪುವುದೇ ಒಂದು ಉಪಯಾತ್ರೆ, ಆಮೇಲೆ ಎರಡು ದಿನ ಗಾಡಿಯಲ್ಲಿ. ಕೊನೆಗೆ ಹೋಗುವಾಗ ರೈಲು, ಬರುವಾಗ ವಿಮಾನ ಎಂದು ಒಪ್ಪಂದವಾಯಿತು. ರಾಜ್ಯ ಸರ್ಕಾರ ಸಹಾಯಧನ ಕೊಟ್ಟು ನಡೆಸುವ ಭಾರತ್ ಗೌರವ್ ಕಾಶಿ ರೈಲು 2022ರ ನವೆಂಬರ್ 11ರಂದು ಶುರುವಾಯಿತು. ಕಾಶಿ, ಅಯೋಧ್ಯೆ, ಪ್ರಯಾಗ ಎಲ್ಲ ಸೇರಿ, ಊಟ ವಸತಿಯೂ ಅವರದೇ. ಒಳ್ಳೆಯ ವ್ಯವಸ್ಥೆ. ಆದರೆ ಬೋಗಿ ತುಂಬ ಭಜನೆ ಮಾಡುವ ನೂರಾರು ಕನ್ನಡಿಗರಿದ್ದರೆ "ನಾವಿಬ್ರೇನಾ?" ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕಷ್ಟ ತಪ್ಪುತ್ತದೆ ಎಂಬುದೇ ಅದರ ದೋಷ.

ಊಟದ ಚೀಲದಲ್ಲಿ ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ ಇರಲಿ. ಎರಡನೆಯ ದಿನ ಮಾತು ಮುಗಿಯುತ್ತದೆ. ಕೋಡುಬಳೆ ಆಗ ಬೇಕಾಗುತ್ತದೆ. ಸಂಘಮಿತ್ರ ಕಾಶಿಯೊಳಗೆ ಹೋಗುವುದಿಲ್ಲ, ಮೊಘಲ್‌ಸರಾಯ್‌ನಲ್ಲಿ ಇಳಿಯಬೇಕು. 2018ರಿಂದ ಅದರ ಹೆಸರು ದೀನ್‌ದಯಾಳ್ ಉಪಾಧ್ಯಾಯ ಜಂಕ್ಷನ್. ಅಲ್ಲಿಂದ ಮುಂದೆ 1887ರ ಹಳೇ ಸೇತುವೆಯ ಮೇಲೆ ಗಂಗೆಯನ್ನು ದಾಟುವಾಗ ಎಡಗಡೆಯ ಕಿಟಕಿಯಲ್ಲಿ ಘಾಟ್‌ಗಳ ಸಾಲು ಬಿಲ್ಲಿನಂತೆ ಬಾಗಿ ಕಾಣುತ್ತದೆ. ಆಗ ಮೊಬೈಲ್‌ನಲ್ಲಿ ಲಾಡ್ಜ್‌ನ ವಿಳಾಸ ಹುಡುಕುತ್ತ ಕೂರಬೇಡಿ. ನಾನು ಕೂತಿದ್ದೆ.

ವಸತಿ

ಕನ್ನಡಿಗರಿಗೆ ಕಾಶಿ ಪೂರ್ತಿ ಪರಊರಲ್ಲ. ಗೊದೌಲಿಯಾ ಹತ್ತಿರ ವೀರಶೈವರ ಜಂಗಮವಾಡಿ ಮಠ ಶತಮಾನಗಳಿಂದ ಇದೆ. ಪಂಚಪೀಠಗಳಲ್ಲಿ ಒಂದಾದ ಜ್ಞಾನಪೀಠ ಅದೇ. ಹನುಮಾನ್ ಘಾಟ್ ಬಳಿ ಕರ್ನಾಟಕದ ಅತಿಥಿಗೃಹವಿದೆ, ಪಕ್ಕದಲ್ಲೇ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್. ಕೇದಾರ ಘಾಟ್‌ವರೆಗಿನ ಗಲ್ಲಿಗಳಲ್ಲಿ ಇಡ್ಲಿ ಸಿಗುತ್ತದೆ, ಕನ್ನಡವೂ ಕಿವಿಗೆ ಬೀಳುತ್ತದೆ.

ಇಲ್ಲಿ ಒಂದು ಸುರಕ್ಷತಾ ಸೂಚನೆ. ಕರ್ನಾಟಕ ಘಾಟ್‌ನ ಮಗ್ಗುಲಲ್ಲೇ ಹರಿಶ್ಚಂದ್ರ ಘಾಟ್. ಮಗನಿಗೆ ಫೋನ್ ಮಾಡಿ "ನಾನೂ ಅಮ್ಮನೂ ಹರಿಶ್ಚಂದ್ರ ಘಾಟ್‌ನಲ್ಲಿದ್ದೀವಪ್ಪ" ಅನ್ನಬೇಡಿ. ಬೆಂಗಳೂರಿನ ಮಕ್ಕಳಿಗೆ ಹರಿಶ್ಚಂದ್ರ ಘಾಟ್ ಅಂದರೆ ಮಲ್ಲೇಶ್ವರ, ಶ್ರೀರಾಮಪುರದ ಕಡೆಯ ಸ್ಮಶಾನ. ನಮ್ಮವನು ಮೀಟಿಂಗ್ ಬಿಟ್ಟು ಎದ್ದುಬಿಟ್ಟನಂತೆ. ಇನ್ನೂ ಒಂದು: ರಾಘವಾಂಕನ ಹರಿಶ್ಚಂದ್ರ ಹೆಂಡತಿಯನ್ನು ಮಾರಿದ್ದು ಇದೇ ಊರಿನಲ್ಲಿ. ಈ ಸಾಹಿತ್ಯಿಕ ಮಾಹಿತಿಯನ್ನು ದೋಣಿಯಲ್ಲಿ, ನಡುನೀರಿನಲ್ಲಿ ಹಂಚಿಕೊಳ್ಳಬೇಡಿ.

ಮುಖ್ಯ ಕಾರ್ಯನಿರ್ವಹಣೆ

ಬೆಳಗಿನ ಜಾವ ದೋಣಿ, ಸಂಜೆ ದಶಾಶ್ವಮೇಧದ ಗಂಗಾರತಿ, ನಡುವೆ ಕಾಲಭೈರವ, ಅನ್ನಪೂರ್ಣೆ, ವಿಶಾಲಾಕ್ಷಿ. ಒಂದು ದಿನ ಸಾರನಾಥ. ಇದೆಲ್ಲ ಎಲ್ಲರೂ ಹೇಳುತ್ತಾರೆ. ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುವುದರಿಂದ ಪಶ್ಚಿಮ ದಡದ ಮೆಟ್ಟಿಲುಗಳಿಗೆಲ್ಲ ಸೂರ್ಯ ಎದುರಿಗೇ ಹುಟ್ಟುತ್ತಾನೆ, ಎದ್ದರೆ ಸಾಕು. ಯಾರೂ ಹೇಳದಿರುವುದು ಫೋನಿನ ವಿಷಯ.

ಈಗಿನ ವಿಶ್ವನಾಥ ದೇವಸ್ಥಾನವನ್ನು 1780ರಲ್ಲಿ ಕಟ್ಟಿಸಿದವಳು ಅಹಲ್ಯಾಬಾಯಿ ಹೋಳ್ಕರ್. 2021ರ ಡಿಸೆಂಬರ್‌ನಲ್ಲಿ ಕಾರಿಡಾರ್ ಆದಮೇಲೆ ಗಂಗೆಯಿಂದ ಗುಡಿಗೆ ನೇರ ದಾರಿ. ಒಳಗೆ ಮೊಬೈಲ್ ಬಿಡುವುದಿಲ್ಲ, ಲಾಕರ್‌ನಲ್ಲಿ ಇಟ್ಟು ಹೋಗಬೇಕು. ಗರ್ಭಗುಡಿಯ ಮುಂದೆ ಸಾಲು ಸಾಲಾಗಿ ನೂಕಿದರು, ಒಂದು ಕ್ಷಣ ಲಿಂಗ ಕಂಡಿತು, ಮರುಕ್ಷಣ ನಾನು ಹೊರಗೆ ಕಲ್ಲುಹಾಸಿನ ಮೇಲಿದ್ದೆ, ಒಬ್ಬನೇ. ಕೈ ಜೇಬಿಗೆ ಹೋಯಿತು. ಫೋನಿಲ್ಲ. ಸಮವಸ್ತ್ರದ ಹುಡುಗನೊಬ್ಬ, "ಮಾತಾಜಿ ಯಾವ ಬಣ್ಣದ ಸೀರೆ ಉಟ್ಟಿದ್ದಾರೆ?" ಎಂದು ಹಿಂದಿಯಲ್ಲಿ ಕೇಳಿದ. ಬೆಳಗ್ಗೆ ನಾಲ್ಕು ಗಂಟೆಗೆ ಒಂದೇ ಕೋಣೆಯಲ್ಲಿ ಎದ್ದವರು, ಒಂದೇ ರಿಕ್ಷಾದಲ್ಲಿ ಬಂದವರು, ಒಂದೂವರೆ ಗಂಟೆ ಸಾಲಿನಲ್ಲಿ ನನ್ನ ಮುಂದೆಯೇ ಅವಳ ಬೆನ್ನಿತ್ತು. ಬಣ್ಣ ನೆನಪಾಗಲಿಲ್ಲ. ಹಸಿರು ಅಂದೆ. ಹಸಿರು ಸೀರೆಯ ಮೂರು ಜನ ಅಪರಿಚಿತ ಹೆಂಗಸರನ್ನು ತೋರಿಸಿದ.

ಅವಳು ನಂದಿಯ ಹತ್ತಿರ ಕಂಬಕ್ಕೆ ಒರಗಿ, ನೆತ್ತಿಯ ಬಂಗಾರದ ಶಿಖರ ನೋಡುತ್ತ ಆರಾಮಾಗಿ ನಿಂತಿದ್ದಳು. ಸೀರೆ ನೇರಳೆ. "ಎಲ್ಲಿಗೆ ಹೋಗ್ತೀರಿ, ಬರ್ತೀರಿ ಅಂತ ನಿಂತಿದ್ದೆ" ಅಂದಳು. ಹೀಗಾಗಿ ಕ್ರಮ ಹೀಗಿರಲಿ: ಲಾಕರ್‌ಗೆ ಫೋನ್ ಹಾಕುವ ಮುನ್ನ ಒಮ್ಮೆ ತಿರುಗಿ ಹೆಂಡತಿಯನ್ನು ನೋಡಿ, ಬಣ್ಣ ಬಾಯಿಪಾಠ ಮಾಡಿ.

ಉಪಕರಣದ ಕಠಿಣ ಭಾಗ

ಪ್ರಯಾಗಕ್ಕೆ ಕಾಶಿಯಿಂದ ರಸ್ತೆಯಲ್ಲಿ ಮೂರು ಗಂಟೆ ಬೇಕು. ದಂಪತಿಗಳಾಗಿ ಹೋದವರಿಗೆ ಅಲ್ಲಿ ವೇಣಿದಾನ ಎಂದೊಂದು ಇದೆ. ಸಂಗಮದಲ್ಲಿ ಗಂಡ ಹೆಂಡತಿಯ ತಲೆ ಬಾಚಿ, ಜಡೆ ಹೆಣೆದು, ಹೂ ಮುಡಿಸಬೇಕು. ಜಡೆಯ ತುದಿ ಒಂದೆರಡು ಅಂಗುಲ ಕತ್ತರಿಸಿ ನೀರಿಗೆ ಬಿಡಬೇಕು. ಪುರೋಹಿತರು ಮಂತ್ರ ಹೇಳಿಕೊಡುತ್ತಾರೆ, ಜಡೆ ಹೆಣೆಯುವುದನ್ನು ಹೇಳಿಕೊಡುವುದಿಲ್ಲ. ಗಂಡಸರು ಮನೆಯಲ್ಲಿ ಒಂದು ತಿಂಗಳು ಮೊದಲೇ ಹಗ್ಗದ ಮೇಲೆ ಅಭ್ಯಾಸ ಮಾಡತಕ್ಕದ್ದು. ಮೂರು ಎಳೆ, ಬಲದ್ದು ನಡುವಿಗೆ, ಎಡದ್ದು ನಡುವಿಗೆ. ನಾನು ಅಭ್ಯಾಸ ಮಾಡಿರಲಿಲ್ಲ. ದೋಣಿ ಅಲುಗುತ್ತಿತ್ತು. ಬಾಚಣಿಗೆ ಸಿಕ್ಕಿಗೆ ಸಿಕ್ಕಿಹಾಕಿಕೊಂಡಿತು. ಕೂದಲು ಇಷ್ಟು ತೆಳುವಾಗಿದೆ, ಒಳಗಡೆ ಇಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. "ನೋಯ್ತಿದೆಯಾ?" ಎಂದೆ. "ಮುಂದಕ್ಕೆ ಹೆಣೀರಿ" ಎಂದಳು. ಪಕ್ಕದ ದೋಣಿಯಲ್ಲಿ ಸೋಲಾಪುರದ ಕಡೆಯ ಮುದುಕರೊಬ್ಬರು ಸೊಗಸಾದ ಜಡೆ ಹಾಕುತ್ತಿದ್ದರು. ಅವರನ್ನು ನೋಡಿ ಕಲಿಯಬಹುದು, ಹೋಲಿಸಿಕೊಳ್ಳಬಾರದು.

ಸಾಮಾನ್ಯ ದೋಷಗಳು, ಪರಿಹಾರ

ಸೀರೆ ಅಂಗಡಿಯಲ್ಲಿ ಹೆಂಗಸರು ಗಂಟೆಗಟ್ಟಲೆ ಕೂರುತ್ತಾರೆ ಎಂಬುದು ಸುಳ್ಳು. ನನ್ನವಳು ಬನಾರಸ್ ಸೀರೆ ಆರಿಸಲು ತೆಗೆದುಕೊಂಡದ್ದು ಇಪ್ಪತ್ತು ನಿಮಿಷ. ತಾಮ್ರದ ಗಂಗಾಜಲದ ಗಿಂಡಿಗಳ ಮುಂದೆ ಒಂದೂಕಾಲು ಗಂಟೆ ಕೂತವನು ನಾನು. ಗಿಂಡಿಯನ್ನು ವಿಮಾನದ ಕೈಚೀಲದಲ್ಲಿ ಹೊತ್ತು ತಪಾಸಣೆಯವರ ಮುಂದೆ ವಾದಕ್ಕಿಳಿಯಬೇಡಿ. ಬೆಸುಗೆ ಹಾಕಿದ್ದನ್ನು ಪಂಚೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಗೆ ಹಾಕಿ.

ಮತ್ತೆ, ಕಾಶಿಗೆ ಹೋದವರು ಒಂದು ಹಣ್ಣು, ಒಂದು ತರಕಾರಿ ಬಿಡಬೇಕು. ಗಯೆಯಲ್ಲಿ ಅಕ್ಷಯವಟದ ಕೆಳಗೆ ಬಿಡುವ ಪದ್ಧತಿ ಅದು, ನಮ್ಮವರು ಕಾಶಿಯ ಲೆಕ್ಕಕ್ಕೇ ಬರೆದುಕೊಂಡಿದ್ದಾರೆ. ಇಷ್ಟವಾದದ್ದನ್ನು ಬಿಡಬೇಕೆಂದು ಶಾಸ್ತ್ರ. ನಾನು ಮೂವತ್ತು ವರ್ಷದಿಂದ ತಟ್ಟೆಯ ಅಂಚಿಗೆ ತಳ್ಳುತ್ತ ಬಂದ ಹಾಗಲಕಾಯಿಯನ್ನು ಭಕ್ತಿಯಿಂದ ಗಂಗೆಗೆ ಬಿಟ್ಟೆ. ಅವಳೇನು ಬಿಟ್ಟಳೆಂದು ಕೇಳಲಿಲ್ಲ. ಈ ಹಂತವನ್ನು ಯಾರೂ ಬಿಟ್ಟುಬಿಡಬೇಡಿ. ಕೇಳಿ.

ಊರಿಗೆ ಬಂದು ಕಾಶಿ ಸಮಾರಾಧನೆ ಮಾಡಿದೆವು. ಗಿಂಡಿಗೆ ಪೂಜೆಯಾಯಿತು, ಬಂದವರಿಗೆಲ್ಲ ಕಾಶಿದಾರ ಹಂಚಿದ್ದಾಯಿತು. ಬಡಿಸುವಾಗ ಎಲೆಯ ಮೇಲೆ ಪುಳಿಯೋಗರೆ ಬಂತು. ನಮ್ಮ ಮನೆಯ ಸಮಾರಂಭವೆಂದರೆ ವಾಂಗಿಬಾತ್, ಅದು ಜಗಜ್ಜಾಹೀರು. "ಬದನೆಕಾಯಿ ಬಿಟ್ಟಿದೀನಲ್ರೀ ನಾನು" ಎಂದಳು, "ಉಪ್ಪುಖಾರ ರುಚಿ ನೋಡದೆ ಹೇಗೆ ಮಾಡಲಿ?"

ಈಗ ನಮ್ಮ ಮನೆಗೆ ವಾಂಗಿಬಾತ್ ಬರುವುದು ಆರ್.ಟಿ. ನಗರದಿಂದ, ತಿಂಗಳಿಗೊಮ್ಮೆ, ನಾದಿನಿಯ ಸ್ಟೀಲ್ ಡಬ್ಬದಲ್ಲಿ. ಹೆಬ್ಬಾಳ ದಾಟಿ ಬರುವ ಹೊತ್ತಿಗೆ ಆರಿರುತ್ತದೆ.