ಕಟ್ಟೆ ಮಾತಿಗೂ ಬಂತು ರೇಟು

ಗದಗ ಸೀಮೆಯ ಕಳಸಾಪುರದ ಕಟ್ಟೆಯ ಮೇಲೆ ಕೂತು ಹರಟುವವರನ್ನು ಕಂಡು ಮೂಗು ಮುರಿಯುವವರು ಇನ್ನು ಮೇಲೆ ಸ್ವಲ್ಪ ಸುಮ್ಮನಿರಬೇಕು. ‘ಕೆಲಸಿಲ್ಲ ಬೊಗಸಿಲ್ಲ’ ಎಂದು ಮನೆಯವರಿಂದ ಬೈಸಿಕೊಳ್ಳುತ್ತಿದ್ದ ಈ ಮಂಡಳಿ, ಈಗ ತಿಳಿದುಬಂದಿರುವ ಪ್ರಕಾರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕಾದ ಕಚ್ಚಾಮಾಲನ್ನು ದಿನಾ ಬೆಳಿಗ್ಗೆ ಸಂಜೆ ತಯಾರಿಸಿ ಪುಕ್ಕಟೆ ಗಾಳಿಗೆ ತೂರುತ್ತಿದೆ. ಕಪ್ಪತಗುಡ್ಡದ ಕಡೆಯ ಗಾಳಿಗೆ ಫ್ಯಾನು ಹಾಕಿ ಕರೆಂಟು ಮಾಡಿಕೊಂಡವರಿದ್ದಾರೆ. ಕಟ್ಟೆಯ ಗಾಳಿಮಾತಿಗೆ ಮಾತ್ರ ಇಷ್ಟು ದಿನ ಗಿರಾಕಿ ಇರಲಿಲ್ಲ.

ನಂಬುವುದಿಲ್ಲವೇ? ಹಬ್ಬಕ್ಕೆ ಊರಿಗೆ ಬಂದಿದ್ದ ಇಂಜಿನಿಯರಿಂಗ್ ಹುಡುಗನೊಬ್ಬ, ‘ಕಾಕಾ, ಈಗ ಫೋನಿಗೆ ಕನ್ನಡದಾಗ ಏನರ ಕೇಳ್ರಿ, ಪಟ್ ಅಂತ ಹೇಳ್ತೈತಿ’ ಎಂದ. ಕಾಕಾ ಫೋನನ್ನು ಬಾಯಿಯ ಹತ್ತಿರ ಹಿಡಿದು, ಊರಿನ ಆ ತುದಿಗೂ ಕೇಳುವಂತೆ, ‘ಹೆಸರಿಗೆ ಹೇನು ಬಿದ್ದಾವು, ಏನ್ ಹೊಡೀಲಿ?’ ಎಂದು ಕೂಗಿದರು. ಫೋನು ಬಲು ವಿನಯದಿಂದ ಸಣ್ಣಹಲ್ಲಿನ ಬಾಚಣಿಗೆ, ಬೇವಿನೆಣ್ಣೆ, ದಿಂಬಿನ ಚೀಲವನ್ನು ಬಿಸಿನೀರಿನಲ್ಲಿ ಒಗೆಯುವುದು ಎಂದು ಉಪದೇಶ ಶುರುಮಾಡಿತು. ಕಾಕಾ ಟೊಪ್ಪಿಗೆ ತೆಗೆದು ಬೋಳುತಲೆಯನ್ನು ಫೋನಿಗೆ ಹಿಡಿದು, ‘ಇಲ್ಲಿ ಹುಡುಕು ಅಂತ ಹೇಳೋ ತಮ್ಮಾ ಅದಕ’ ಎಂದರು.

ಹುಡುಗನ ಮುಖ ಸಣ್ಣದಾಯಿತು. ಪಾಪ, ಯಂತ್ರದ್ದೂ ತಪ್ಪಿಲ್ಲ. ಅದು ಭಾಷೆ ಕಲಿಯುವುದು ನಾವು ಬೀಗತನಕ್ಕೆ ವಿಚಾರಿಸುವ ರೀತಿಯಲ್ಲೇ. ವರ ಹೇಗೆಂದು ಯಾರಾದರೂ ವರನನ್ನೇ ಕೇಳುತ್ತಾರೆಯೇ? ಚಹಾದಂಗಡಿಯಲ್ಲಿ ಯಾರ ಜೊತೆ ಕೂರುತ್ತಾನೆ, ಜಾತ್ರೆಗೆ ಯಾರ ಗಾಡಿ ಹತ್ತುತ್ತಾನೆ ಎಂದು ಆಚೀಚೆ ಕೇಳಿ ಲೆಕ್ಕ ಹಾಕುತ್ತೇವೆ. ಶಬ್ದದ ಗುಣವೂ ಅದರ ಸಹವಾಸದಿಂದಲೇ ತಿಳಿಯುತ್ತದೆಂದು ಇಂಗ್ಲೆಂಡಿನ ಜೆ.ಆರ್. ಫರ್ತ್ ಎಂಬ ಭಾಷಾವಿಜ್ಞಾನಿ 1957ರಲ್ಲೇ ಹೇಳಿದ್ದ. 2013ರಲ್ಲಿ ಗೂಗಲ್‌ನಲ್ಲಿದ್ದ ತೊಮಾಸ್ ಮಿಕೊಲೊವ್ ಮತ್ತು ಸಂಗಡಿಗರು ಇದನ್ನೇ ಗಣಿತಕ್ಕೆ ಇಳಿಸಿದರು. ಯಾವ ಶಬ್ದದ ಪಕ್ಕ ಯಾವುದು ಬರುತ್ತದೆಂದು ಕೋಟಿಗಟ್ಟಲೆ ಶಬ್ದಗಳ ಬರಹದ ಮೇಲೆ ಕಣ್ಣಾಡಿಸಿ, ಒಂದೊಂದು ಶಬ್ದಕ್ಕೂ ನೂರಾರು ಅಂಕಿಗಳ ಜಾತಕ ಬರೆದುಕೊಡುವ ‘ವರ್ಡ್‌ಟುವೆಕ್’ ಅದು. ಯಂತ್ರ ಓದಿದ ಕನ್ನಡದಲ್ಲಿ ಹೇನು ಯಾವಾಗಲೂ ತಲೆಯ ಜೊತೆ, ಬಾಚಣಿಗೆಯ ಜೊತೆ ಕೂತಿತ್ತು. ಎರೆಹೊಲದಲ್ಲಿ ಹೆಸರಿನ ಗಿಡದ ಜೊತೆ ಕೂತಿದ್ದನ್ನು ಅದಕ್ಕೆ ಯಾರೂ ಬರೆದು ತೋರಿಸಿರಲಿಲ್ಲ.

ಪಕ್ಕದ ಶಬ್ದ ನೋಡಿದರೆ ಸಾಲದು, ವಾಕ್ಯದ ಪ್ರತಿಯೊಂದು ಶಬ್ದವೂ ಉಳಿದ ಎಲ್ಲ ಶಬ್ದಗಳತ್ತ ಒಮ್ಮೆ ಕಣ್ಣು ಹಾಯಿಸಿ ‘ನನಗೆ ಇಲ್ಲಿ ಯಾರು ಮುಖ್ಯ’ ಎಂದು ತೂಗಿ ನೋಡಬೇಕು ಎಂಬ ದಾರಿಯನ್ನು 2017ರಲ್ಲಿ ಆಶಿಶ್ ವಾಸ್ವಾನಿ ಮೊದಲಾದ ಎಂಟು ಜನ ಗೂಗಲ್‌ನಲ್ಲಿದ್ದಾಗ ತೋರಿಸಿದರು. ಅದೇ ಟ್ರಾನ್ಸ್‌ಫಾರ್ಮರ್. ನಮ್ಮೂರಿನದು ಮಳೆಗಾಲದಲ್ಲಿ ಸುಡುತ್ತದೆ; ಇದು ಇಡೀ ಜಗತ್ತಿನ ಚಾಟ್‌ಬಾಟ್‌ಗಳನ್ನೆಲ್ಲ ಹೊತ್ತು ನಿಂತಿದೆ.

ಹೊತ್ತು ನಿಂತರೂ ಕನ್ನಡಕ್ಕೆ ಬಂದಾಗ ಕಣ್ಣು ಯಾರ ಮೇಲೆ ಹಾಯಿಸಬೇಕೆಂಬುದು ಒಮ್ಮೊಮ್ಮೆ ತಪ್ಪುತ್ತದೆ. 2025ರ ಜುಲೈ 14ರಂದು ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೋಗಿ ಅಂತಿಮ ನಮನ ಸಲ್ಲಿಸಿದ ಸುದ್ದಿ ಕನ್ನಡದಲ್ಲಿ ಬಂತು. ಮೆಟಾದ ಯಂತ್ರ ಅದನ್ನು ತಾನಾಗಿ ಇಂಗ್ಲಿಷಿಗೆ ತಿರುಗಿಸಿ, ಸಿದ್ದರಾಮಯ್ಯನವರನ್ನೇ ತೀರಿಸಿಬಿಟ್ಟಿತು! ನಮ್ಮ ವಾಕ್ಯದಲ್ಲಿ ಕರ್ತೃ ಮುಂದೆ ಬಂದು ನಿಲ್ಲುತ್ತಾನೆ, ಅವನ ಕ್ರಿಯಾಪದ ತುದಿಯಲ್ಲಿರುತ್ತದೆ, ನಡುವೆ ‘ನಿಧನರಾದ’ ಎಂಬಂಥದ್ದು ಮುಂದಿನ ಹೆಸರಿಗೆ ಕಾಯುತ್ತ ಕೂತಿರುತ್ತದೆ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಗಂಟು ಹಾಕಿತು. ಮುಖ್ಯಮಂತ್ರಿಗಳ ಕಚೇರಿಯಿಂದ ಮೆಟಾಕ್ಕೆ ಪತ್ರ ಹೋಯಿತು, ಮೆಟಾ ಕ್ಷಮೆ ಕೇಳಿ ದುರಸ್ತಿ ಮಾಡಿತು. ಕಟ್ಟೆಯ ತೀರ್ಪು ಬೇರೆ ಇತ್ತು: ‘ಸತ್ತಾವ್ರು ಯಾರು, ನೋಡಾಕ ಬಂದಾವ್ರು ಯಾರು ಅನ್ನೋದು ತಿಳೀದಾವ ಮಣ್ಣಿಗೆ ಹೋಗಬಾರದಪಾ.’

ಇನ್ನೊಂದು ತಕರಾರು ಅಕ್ಷರದ್ದು. ಕಳಸಾಪುರ ನಮ್ಮ ಲೆಕ್ಕದಲ್ಲಿ ಐದೇ ಅಕ್ಷರ. ಯೂನಿಕೋಡ್ ಅದರ ಕೊಂಬು ದೀರ್ಘಗಳನ್ನೂ ಬೇರೆ ಎಣಿಸಿ ಏಳು ಮಾಡುತ್ತದೆ. ಒಂದೊಂದಕ್ಕೆ ಮೂರು ಬೈಟಿನಂತೆ ಊರಿನ ಹೆಸರು 21 ಬೈಟು. ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 10. ಹಿಂದಿನ ಯಂತ್ರಗಳು ಈ ಬೈಟುಗಳನ್ನು ಚೂರುಚೂರು ಕತ್ತರಿಸಿ ‘ಟೋಕನ್’ ಎಂದು ನುಂಗುತ್ತಿದ್ದವು, ಬಿಲ್ಲು ಚೂರಿನ ಲೆಕ್ಕದಲ್ಲಿ. ಅಂದರೆ ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದವನಿಗೆ ಹಲವು ಪಟ್ಟು ಖರ್ಚು. 2024ರ ಮೇ ತಿಂಗಳಲ್ಲಿ ಓಪನ್‌ಎಐ ಹೊಸ ಯಂತ್ರ ತಂದು, ಇನ್ನು ಚೂರು ಕಡಿಮೆಯೆಂದು 20 ಭಾಷೆಗಳ ಪಟ್ಟಿ ಕೊಟ್ಟಿತು. ಗುಜರಾತಿಗೆ 4.4 ಪಟ್ಟು ಕಡಿಮೆ, ತೆಲುಗಿಗೆ 3.5, ತಮಿಳಿಗೆ 3.3. ಮರಾಠಿ, ಹಿಂದಿ, ಉರ್ದುಗಳೂ ಇದ್ದವು. ಬಾಜೂ ಮನೆಯವರು ಹಲವರಿದ್ದರು, ಕನ್ನಡ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಲಾಭವೇ ಆಗಲಿಲ್ಲ ಎಂದಲ್ಲ ಎಂದು ಹುಡುಗ ಸಮಜಾಯಿಷಿ ಕೊಡಲು ನೋಡಿದ. ಜಗಳಕ್ಕೆ ಕಾರಣ ಹುಡುಕುತ್ತಿದ್ದ ಕಟ್ಟೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಿಟ್ಟು ಬರುವುದು ಸಹಜವೇ ಅನ್ನಿ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆಯೆಂದು ನಾಲ್ಕು ಊರುಗಳ ಗುರುತು ಹಾಕಿತಲ್ಲ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂದು. ಅದರ ಪುಲಿಗೆರೆಯೆಂದರೆ ನಮ್ಮ ಲಕ್ಷ್ಮೇಶ್ವರ. ಪಂಪನೂ ತನ್ನ ಕಾವ್ಯಕ್ಕೆ ಆ ಸೀಮೆಯ ಕನ್ನಡವನ್ನೇ ಹಿಡಿದವನು. ಇಲ್ಲಿಯ ಜನ ಓದದೆಯೂ ಕಾವ್ಯದಲ್ಲಿ ಪಳಗಿದವರೆಂದು ಅದೇ ಗ್ರಂಥ ಸರ್ಟಿಫಿಕೇಟು ಕೊಟ್ಟಿದೆ. ಈಗಿನ ಯಂತ್ರದ್ದು ನೇರ ಉಲ್ಟಾ: ಕಂಡದ್ದನ್ನೆಲ್ಲ ಓದಿ ಮುಗಿಸಿದೆ, ತಿರುಳಿನ ಸೀಮೆಗೆ ಬಂದರೆ ತಲೆ ಕೆರೆದುಕೊಳ್ಳುತ್ತದೆ.

ಓದಿದ್ದಾದರೂ ಎಷ್ಟು? 2011ರ ಜನಗಣತಿಯಂತೆ ಕನ್ನಡ ಮನೆಮಾತಿನವರು 4.37 ಕೋಟಿ. ಕನ್ನಡ ವಿಕಿಪೀಡಿಯದಲ್ಲಿ ಲೇಖನಗಳು 30 ಸಾವಿರ ಚಿಲ್ಲರೆ. ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಮೇಲೆ. ಆ ಚಿಲ್ಲರೆಯೂ ಪುಸ್ತಕದ ಕನ್ನಡ. ಗದಗಿನ ಮಾತು ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಮುಗಿಯುವಂಥದ್ದು, ಕಾಗದಕ್ಕೆ ಬರುವುದೇ ಅಪರೂಪ. ಇಷ್ಟೆಲ್ಲ ಬುದ್ಧಿ ಹೇಳುವ ನಾನೂ ನೋಡಿ, ಕಟ್ಟೆಯವರ ಮಾತನ್ನು ಚಿಹ್ನೆಯೊಳಗೆ ಕೂರಿಸಿ, ಉಳಿದದ್ದನ್ನು ಪತ್ರಿಕೆಯವರಿಗೆ ಅಂಜಿ ಗ್ರಾಂಥಿಕದಲ್ಲೇ ಬರೆಯುತ್ತಿದ್ದೇನೆ.

ಬರಹ ಸಿಗದಿದ್ದಾಗ ಉಳಿದ ದಾರಿ ಒಂದೇ, ಬಾಯಿ. ವಿಜ್ಞಾನ ಸಂಸ್ಥೆ, ಅದರ ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ 2022ರಲ್ಲಿ ‘ವಾಣಿ’ ಎಂಬ ಯೋಜನೆ ಹಿಡಿದವು. ದೇಶದ 773 ಜಿಲ್ಲೆ, ಸುಮಾರು 10 ಲಕ್ಷ ಜನ, 1.5 ಲಕ್ಷ ತಾಸು ಮಾತು ಗುರಿ. ಜನರ ಮುಂದೆ ಒಂದು ಚಿತ್ರ ಹಿಡಿದು, ಇದರಲ್ಲಿ ಏನಿದೆ ನಿಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ, ಹೇಳಿದ್ದು ದಾಖಲಾಗುತ್ತದೆ. ಅದೇ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳಲ್ಲಿ, ಬೇಸಾಯ ಮತ್ತು ಹಣಕಾಸಿನ ಮಾತನ್ನೇ ಆರಿಸಿ ಕೂಡಿಹಾಕಿದೆ. ಕಾಕಾನ ಹೇನಿಗೆ ಮದ್ದು ಸಿಗುವುದಾದರೆ ಅಲ್ಲೇ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯಂತೂ ಕರ್ನಾಟಕದ ಹಳ್ಳಿಗಳಲ್ಲಿ ಜನರಿಂದ ಕನ್ನಡ ವಾಕ್ಯ ಓದಿಸಿ, ತಾಸಿಗೆ ಹೆಚ್ಚುಕಡಿಮೆ 5 ಡಾಲರ್ ಲೆಕ್ಕದಲ್ಲಿ ದುಡ್ಡು ಕೊಟ್ಟಿದೆ.

ದುಡ್ಡಿನ ಮಾತು ಬಂದೊಡನೆ ಕಟ್ಟೆ ನೆಟ್ಟಗೆ ಕೂತಿತು. ಹುಡುಗ ಫೋನಿನಲ್ಲೇ ಭಾಗಾಕಾರ ಮಾಡಿದ: 1.5 ಲಕ್ಷ ತಾಸನ್ನು 10 ಲಕ್ಷ ಜನರಿಗೆ ಹಂಚಿದರೆ ತಲೆಗೆ ಒಂಬತ್ತು ನಿಮಿಷ.

‘ಒಂಬತ್ತs ನಿಮಿಷ? ಅಷ್ಟೊತ್ತಿನ್ಯಾಗ ನಮಗ ಗಂಟಲಾ ಸೈತ ಸರಿ ಆಗಂಗಿಲ್ಲಲೇ! ಆ ಹತ್ತ ಲಕ್ಷ ಮಂದಿ ಯಾಕ ಬೇಕು, ಗುತ್ತಿಗಿ ನಮಗs ಕೊಡ್ಸು.’

ಲೆಕ್ಕ ಹಾಕಿದರೆ, ಕಟ್ಟೆಯೊಂದೇ ಹಗಲು ರಾತ್ರಿ ಬಿಡದೆ ಮಾತಾಡಿದರೂ 17 ವರ್ಷ ಹಿಡಿಯುತ್ತದೆ. ಅಸಾಧ್ಯವೆಂದು ಯಾರೂ ಅನ್ನಲಿಲ್ಲ. ಸರದಿ ಪ್ರಕಾರ ಚಹಾ ಯಾರು ಹೇಳಬೇಕೆಂಬುದಷ್ಟೇ ಬಗೆಹರಿಯದೆ ಉಳಿಯಿತು.

ನನಗೆ ಇರುವ ಅಂಜಿಕೆ ಬೇರೆ. ಮೈಕು ಕಂಡ ಕೂಡಲೇ ನಮ್ಮವರ ನಾಲಗೆ ಇಸ್ತ್ರಿ ಹಾಕಿಕೊಂಡು ನಿಲ್ಲುತ್ತದೆ. ಮಗನನ್ನು ಲೇ ಎಂದು ಊರೆಲ್ಲ ಕೇಳುವಂತೆ ಕರೆಯುವ ಕಾಕಾ, ಹುಡುಗ ರೆಕಾರ್ಡಿಂಗ್ ಹಚ್ಚಿ ಎತ್ತಿನ ಚಿತ್ರ ತೋರಿಸಿದರೆ ಎದ್ದು ನಿಂತು, ‘ಈ ಚಿತ್ರದಲ್ಲಿ ಎರಡು ಎತ್ತುಗಳು ಕಂಡುಬರುತ್ತಿದ್ದು...’ ಎಂದು ವಾರ್ತೆ ಓದತೊಡಗಿದರು. ಈ ಭಾಷೆ ಯಂತ್ರದ ಹತ್ತಿರ ಈಗಾಗಲೇ ಬೇಕಾದಷ್ಟಿದೆ. ಇದಕ್ಕಾಗಿ ವಿಜ್ಞಾನ ಸಂಸ್ಥೆಯವರು ಬೆಂಗಳೂರಿನಿಂದ ರೈಲು ಹತ್ತಿ ಬರಬೇಕಾಗಿಲ್ಲ.

ಅದಕ್ಕೇ ಹೇಳುವುದು. ಮಾತು ಕೇಳಿಕೊಂಡು ಯಾರಾದರೂ ನಿಮ್ಮ ಊರಿಗೆ ಬಂದರೆ ಮೊದಲು ಎರಡು ಪ್ರಶ್ನೆ ಕೇಳಿ: ರೊಕ್ಕ ಎಷ್ಟು ಕೊಡ್ತೀರಿ, ನಮ್ಮ ಧ್ವನಿ ಒಯ್ದು ಯಾರಿಗೆ ಕೊಡ್ತೀರಿ? ವಾಣಿಯವರು ಕೂಡಿಟ್ಟಿದ್ದನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟಿದ್ದಾರೆ, ಎಲ್ಲರೂ ಹಾಗೆ ಇರಲಿಕ್ಕಿಲ್ಲ. ಉತ್ತರ ಮನಸ್ಸಿಗೆ ಬಂದರೆ ಕೂತು, ದಿನಾ ಹೆಂಗ ಮಾತಾಡ್ತೀರೋ ಹಂಗs ಮಾತಾಡ್ರಿ. ಬೈಗುಳ ಒಂದಿಷ್ಟು ಕಡಿಮಿ ಇರಲಿ, ಹೆಣ್ಣುಮಕ್ಕಳೂ ಕೇಳೋರು ಇರ್ತಾರ.